ಕಣ್ಣಳತೆಯ ಕರಡು

ಒಕಾಯಾ. ಸುವಾ ಸರೋವರದ ದಂಡೆ. ಜನವರಿ.
ರೇಷ್ಮೆ ಬಿಚ್ಚುತ್ತಿದ್ದ ಗಿರಣಿಯಲ್ಲಿ
ಈಗ ಮಸೂರ ಉಜ್ಜುತ್ತೇವೆ.
ಗೋಡೆಗಿನ್ನೂ ಬೇಯಿಸಿದ ಗೂಡಿನ ವಾಸನೆ.
ನನ್ನ ಮೇಜಿನ ಮೇಲೆ ಹಾಳೆ:
ಜೋಡಿಗಣ್ಣಿನ ಕ್ಯಾಮೆರಾ, ಮಾದರಿ ಎರಡು,
ವಿನ್ಯಾಸದ ವಿವರ, ಕರಡು.

ಮೊಮೊಸೆಯವರು ಹೇಳುತ್ತಾರೆ, ನಾನು ಗೀಚುತ್ತೇನೆ.
ಮಸೂರ ಎರಡು. ಒಂದೇ ಕುಲುಮೆಯ, ಒಂದೇ ದಿನದ ಗಾಜು.
ಸಂಗಮದೂರ ಮೂವತ್ತೈದು ಮಿಲಿಮೀಟರ್,
ಒಂದು ಕಣ್ಣಿಗೆ ಬೆಣ್ಣೆ, ಒಂದಕ್ಕೆ ಸುಣ್ಣ
ಇಲ್ಲಿ ನಡೆಯುವುದಿಲ್ಲ.

ಶಟರ್ ಎರಡು, ಎರಡಕ್ಕೂ ಸನ್ನೆಗೋಲು ಒಂದೇ.
ಇದಕ್ಕೆ ಮೂರು ಸಲ ಅಡಿಗೆರೆ ಎಳೆ, ಎಂದರು.
ಮಾದರಿ ಒಂದರಲ್ಲಿ ಎಡಗಣ್ಣು
ಕೂದಲೆಳೆಯಷ್ಟು ತಡವಾಗಿ ತೆರೆದಿತ್ತು.
ಆ ಚಿತ್ರದಲ್ಲಿ, ಹಿಮದ ಮೇಲೆ ಹಾರುತ್ತಿದ್ದ ಕಾಗೆ
ಬೆಟ್ಟವನ್ನು ತೂರಿಕೊಂಡು ಅದರಾಚೆ ನಿಂತುಬಿಟ್ಟಿದೆ,
ಬೆಟ್ಟದ ಮೈಯಲ್ಲಿ ಕಾಗೆಯಾಕಾರದ ತೂತು.
ನಿಂತದ್ದೆಲ್ಲ ನಿಂತಲ್ಲೇ ಇತ್ತು.
ಹಾರಿದ್ದಕ್ಕೆ ಮಾತ್ರ ಜಾಗ ತಪ್ಪಿತ್ತು.
ಮೊಮೊಸೆಯವರು ಆ ಚಿತ್ರ ಎಸೆದಿಲ್ಲ,
ಮೇಜಿನ ಕೆಳಗಿನ ಖಾನೆಯಲ್ಲಿದೆ, ನಾನು ನೋಡಿದ್ದೇನೆ.

ಆಮೇಲೆ ಬಂತು ಮುಖ್ಯ ಕಲಮು:
ಕಣ್ಣಿಗೂ ಕಣ್ಣಿಗೂ ನಡುವೆ ಎಷ್ಟು?
ಅರವತ್ತೈದು, ಎಂದರು, ಉಸಿರೂ ತೆಗೆಯದೆ.
ಯಾರ ಕಣ್ಣು, ಎಂದೆ.
ಕೇಳಬಾರದಿತ್ತು.

ಊಟದ ಬಿಡುವಿನಲ್ಲಿ ವರ್ನಿಯರ್ ಹಿಡಿದು
ಎಲ್ಲರನ್ನೂ ಕಿಟಕಿಯತ್ತ ಕೂರಿಸಿ ಅಳೆದೆ.
ಲೇತಿನ ಕುರೆಬಾಯಾಶಿ ಅರವತ್ತೇಳು.
ಬಣ್ಣ ಬಳಿಯುವ ಹುಡುಗ ಅರವತ್ತೆರಡು,
ನಗು ತಡೆಯದೆ ಅಲುಗಿದ, ಅರ್ಧ ಆಚೀಚೆ.
ಬಾಗಿಲು ಕಾಯುವ ಮುದುಕನದು ಪೂರಾ ಎಪ್ಪತ್ತು.
ನನ್ನದು ಹೇಳುವುದಿಲ್ಲ.
ತತ್ಸುಯೆ ಅಮ್ಮನದು ಐವತ್ತೆಂಟು.

ಹದಿಮೂರಕ್ಕೆ ಕಣಿವೆ ದಾಟಿ ಗಿರಣಿಗೆ ಬಂದವಳು.
ಕುದಿನೀರಲ್ಲಿ ಬೆರಳದ್ದಿ
ಕಾಣದ ಐದೆಳೆ ಹುಡುಕಿ
ಕಾಣುವ ಒಂದು ನೂಲು ಮಾಡಿದವಳು.
ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿಲ್ಲ.
ಈಗ ಮಸೂರಗಳ ಜೋಡಿ ಕೂಡಿಸುತ್ತಾಳೆ;
ಯಂತ್ರ ಸರಿ ಅಂದದ್ದನ್ನು
ಆಕೆ ಅಲ್ಲ ಅಂದರೆ, ಅಲ್ಲ.

ನೋಡುಪೆಟ್ಟಿಗೆಯನ್ನು ಮೂಗಿಗೊತ್ತಿ ಬಹಳ ಹೊತ್ತು ಕೂತಳು.
ಸರೋವರದ ಚಿತ್ರ: ಮಂಜುಗಡ್ಡೆ
ಎರಡೂ ಕಡೆಯಿಂದ ಒತ್ತಿ ಒತ್ತಿ
ನಡುವೆ ಸಿಡಿದು ಏರಿನಿಂತ ಏಣು.
ದೇವರು ದಾಟಿಹೋದ ದಾರಿ ಅನ್ನುತ್ತಾರೆ ಇಲ್ಲಿ.
"ಚೆನ್ನಾಗಿದೆ," ಅಂದಳು. "ಚಿಕ್ಕದಾಗಿದೆ.
ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ.
ದೇವರಿಗೆ ಕಾಲೂರಲು ಜಾಗ ಸಾಲದು."

ಮೊಮೊಸೆಯವರಿಗೆ ಸಿಟ್ಟು. ಲೆಕ್ಕ ಸರಿಯಿದೆ, ಎಂದರು.
ಲೆಕ್ಕ ಸರಿಯಿತ್ತು.
ಅಗಲಗಣ್ಣು ಕಂಡದ್ದನ್ನು ಕಿರಿಗಣ್ಣಿಗೆ ಬಡಿಸಿದರೆ
ಲೋಕ ಒಂದಿಷ್ಟು ಕುಗ್ಗುತ್ತದೆ,
ಅದೂ ಲೆಕ್ಕವೇ.

ರಾತ್ರಿ ಅಗ್ಗಿಷ್ಟಿಕೆಗೆ ಇದ್ದಿಲು ಸುರಿದು ಶುದ್ಧಪ್ರತಿ ಬರೆದೆ.
ತೂಕ ಏಳುನೂರು ಗ್ರಾಮಿನೊಳಗೆ.
ಎರಡು ಮೀಟರಿಗಿಂತ ಹತ್ತಿರ ಬಂದವರು ಸ್ಪಷ್ಟ ಕಾಣರು.
ನೆತ್ತಿಯಲ್ಲಿ ನೀರ್ಮಟ್ಟದ ಗುಳ್ಳೆ;
ಕ್ಯಾಮೆರಾ ವಾಲಿದರೆ ನೋಡುವವನಿಗೆ ತಲೆನೋವು.
ಮಸೂರಗಳ ನಡುವೆ ಅರವತ್ತೈದು. ಅವರ ಮಾತು ಅವರಿಗೆ.
ಹನ್ನೊಂದನೆಯ ಕಲಮು ಯಾರೂ ಹೇಳಿದ್ದಲ್ಲ:
ನೋಡುಪೆಟ್ಟಿಗೆಯ ಕಣ್ಣುಗಳು ಸರಿಯಬೇಕು,
ಹೆಬ್ಬೆರಳಲ್ಲಿ ತಿರುಗುವ ಗಾಲಿಯೊಂದಿರಬೇಕು,
ಐವತ್ತಾರರಿಂದ ಎಪ್ಪತ್ತೆರಡು.
ಕುಂಚ ಒಣಗುವ ಮೊದಲೇ ಹಾಳೆ ಮಡಚಿಟ್ಟೆ.

ಲೆಕ್ಕಪತ್ರದವರು ಕೆಂಪುಶಾಯಿಯಲ್ಲಿ ಕೇಳಿ ಕಳಿಸಿದರು:
ಪೆಟ್ಟಿಗೆಯೊಂದಕ್ಕೆ ಮೂವತ್ತು ಯೆನ್ ಹೆಚ್ಚು, ಯಾಕೆ?
ಆ ಯಾಕೆಯ ಪಕ್ಕ ಏನೂ ಬರೆಯದೆ
ಮೊಮೊಸೆಯವರು ತಮ್ಮ ಮುದ್ರೆ ಒತ್ತಿದ್ದರು,
ಸ್ವಲ್ಪ ಓರೆಯಾಗಿ.

ಸರೋವರ ಕರಗಿದ ಮೇಲೆ ಮೊದಲ ಪೆಟ್ಟಿಗೆ ಬಂತು.
ತತ್ಸುಯೆ ಅಮ್ಮ ಗಾಲಿ ತಿರುಗಿಸಿದಳು,
ಒಮ್ಮೆ ಆಚೆ, ಒಮ್ಮೆ ಈಚೆ, ಎಳೆ ಹುಡುಕುವ ಬೆರಳಲ್ಲಿ.
ನಿಲ್ಲಿಸಿದಳು.
"ಈಗ ಸ್ವಲ್ಪ ದೊಡ್ಡದಾಯಿತು."
ನಾವೆಲ್ಲ ಕಾದೆವು.
"ಪೂರ್ತಿ ಅಲ್ಲ," ಅಂದಳು,
ಪೆಟ್ಟಿಗೆ ಕೆಳಗಿಡದೆ.